ಹದಿನಾರನೆಯ ಸೋಮವಾರ

ಆ ರಬ್ಬರ್ ಸ್ಟ್ಯಾಂಪು ಮಾಡಿಸಿದ್ದು ನಾನೇ. ದಾದರ್ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಕೂತು ಸೀಲು ಕೊರೆಯುವ ಮುದುಕನೊಬ್ಬನಿದ್ದ. ಅವನಿಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದುಕೊಟ್ಟೆ: ಕೂಸಿನ ತಲೆ ಸೊಂಟದೊಳಕ್ಕೆ ಇಳಿದಿದೆ, ಅಳತೆ ಸಿಗಲಿಲ್ಲ, ಎರಡು ವಾರ ಬಿಟ್ಟು ಮತ್ತೆ ಬರಲಿ. ಸೋಮವಾರ ಬಂತೆಂದರೆ ಇದೇ ಮೂರು ಸಾಲನ್ನು ರಿಜಿಸ್ಟರಿನಲ್ಲಿ ಒಮ್ಮೆ, ಪೇಷಂಟಿನ ಕಾಗದದ ಮೇಲೆ ಒಮ್ಮೆ ಬರೆದೂ ಬರೆದೂ ನನಗೆ ಸಾಕಾಗಿಹೋಗಿತ್ತು. ಸ್ಟ್ಯಾಂಪು ಕೈಗೆ ಬಂದ ದಿನ ಎಷ್ಟು ಹಿಗ್ಗಿದ್ದೆನೆಂದರೆ, ಡಿಪಾರ್ಟ್‌ಮೆಂಟಿನವರಿಗೆಲ್ಲ ಚಹಾ ಕುಡಿಸಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಶಬ್ದದ ಅಲೆ ಬಿಟ್ಟು ಬಸುರಿಯ ಹೊಟ್ಟೆಯೊಳಗನ್ನು ನೋಡುವ ಮಷೀನು ಮುಂಬಯಿಯಲ್ಲಿ ಬೆರಳೆಣಿಕೆಯಷ್ಟಿತ್ತು. ನಾನು ಮೈಸೂರಿನಲ್ಲಿ ಎಕ್ಸ್‌ರೇ ಕಲಿತವಳು. ನಮ್ಮ ಆಸ್ಪತ್ರೆಗೆ ಆ ಮಷೀನು ಬಂದಾಗ ಕಂಪನಿಯವನು ಎರಡು ವಾರ ಕಲಿಸಿಕೊಟ್ಟ, ಆಮೇಲೆ ಅದನ್ನು ನನ್ನ ತಲೆಗೆ ಕಟ್ಟಿದರು. ಬೀರುವಿನಷ್ಟು ದೊಡ್ಡ ಡಬ್ಬ. ಅದರಿಂದ ಮೂರು ಕೀಲಿನ ಒಂದು ಕಬ್ಬಿಣದ ತೋಳು ಚಾಚಿಕೊಂಡಿರುತ್ತಿತ್ತು, ತುದಿಯಲ್ಲಿ ಶಬ್ದದ ಅಲೆ ಬಿಡುವ ಪ್ರೋಬು. ಹೊಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಪ್ರೋಬನ್ನು ಒಂದೇ ಹದದಲ್ಲಿ ಎಳೆಯಬೇಕು. ಎಳೆದ ಹಾಗೆ ಪರದೆಯ ಮೇಲೆ ಚುಕ್ಕೆ ಮೂಡಿ ಚಿತ್ರವಾಗುತ್ತದೆ. ಚುಕ್ಕೆ ಒಂದೋ ಬಿಳಿ, ಇಲ್ಲವೋ ಕಪ್ಪು. ನಡುವಿನ ಬಣ್ಣವೇ ಇಲ್ಲ. ಎಳೆಯುವಾಗ ಕೂಸು ಮಿಸುಕಿತೋ, ಚಿತ್ರ ಕಲಸಿಹೋಯಿತು. ಅಳಿಸಿ ಮೊದಲಿನಿಂದ ಎಳೆಯಬೇಕು.

ನಾಲ್ಕೈದು ತಿಂಗಳ ಬಸುರಿಯಾದರೆ ಮೂತ್ರಚೀಲ ಬಿಗಿಯುವಷ್ಟು ತುಂಬಿರಲೇಬೇಕು. ಅದು ತುಂಬಿದರೆ ಗರ್ಭಕೋಶ ಮೇಲೆದ್ದು ಬರುತ್ತದೆ, ಶಬ್ದಕ್ಕೂ ದಾರಿ ಸಿಗುತ್ತದೆ. ಆಗ ಕೂಸಿನ ತಲೆ ಒಂದು ಉಂಗುರದ ಹಾಗೆ ಕಾಣುತ್ತದೆ. ಉಂಗುರದ ಅಗಲ ಅಳೆದು ಚಾರ್ಟು ನೋಡಿದರೆ ಎಷ್ಟು ವಾರ ಎಂಬುದು ಗೊತ್ತಾಗುತ್ತದೆ. ಕೂಸಿನ ವಯಸ್ಸಿಗೆ ತಲೆಯೊಂದೇ ನಮ್ಮ ಅಳತೆಗೋಲು. ಮೂತ್ರಚೀಲ ಖಾಲಿಯಿದ್ದರೆ ಏನೂ ಕಾಣುವುದಿಲ್ಲ. ಹಾಗೆ ಕಾಣದೆ ಹೋದಾಗಲೆಲ್ಲ, ತಲೆ ಕೆಳಗಿದೆ, ಸಿಕ್ಕಿಲ್ಲ ಎಂದು ಬರೆಯುವುದು ರೂಢಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು.

ಆ ಹುಡುಗಿ ಬಂದದ್ದು ಡಿಸೆಂಬರಿನ ಮೊದಲ ಸೋಮವಾರ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ವಿಜಾಪುರದ ಕಡೆಯವಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕುರ್ಲಾದ ಚಾಳಿನಲ್ಲಿ ಮನೆ. ಗಂಡ ಪವಾಯಿಯಲ್ಲಿ ಬಿಲ್ಡಿಂಗ್ ಕೆಲಸದ ಗೌಂಡಿ. ಕಾಲಿಗೆ ಸಿಮೆಂಟು ಮೆತ್ತಿಕೊಂಡೇ ಬಂದು ಬಾಗಿಲ ಹೊರಗೆ ನಿಂತಿದ್ದ. ಅವಳ ಕೈಯಲ್ಲಿ ಹೆರಿಗೆ ವಿಭಾಗದ ಡಾಕ್ಟರಮ್ಮನ ಚೀಟಿ ಇತ್ತು. ಮೊದಲ ಹೆರಿಗೆಯ ಕೂಸಿಗೆ ಹುಬ್ಬಿನಿಂದ ಮೇಲಕ್ಕೆ ತಲೆಬುರುಡೆಯೇ ಇರಲಿಲ್ಲ, ಕೆಲವೇ ನಿಮಿಷ ಬದುಕಿತ್ತು. ಈ ಸಲ ತಲೆ ನೋಡಿ ತಿಳಿಸಿ ಎಂದು ಬರೆದು, ‘ತಲೆ’ಯ ಕೆಳಗೆ ಎರಡು ಗೆರೆ ಎಳೆದಿದ್ದರು.

ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಅವಳ ಮುಖ ಅರಳಿತು. “ಅಯ್ಯ, ನಮ್ಮವರ ಅದೀರಲ್ರೀ ಅಕ್ಕಾರ!” ಅಂದಳು.

“ಕಡೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ? ಸರಿಯಾಗಿ ಜ್ಞಾಪಿಸಿಕೊಂಡು ಹೇಳು.”

“ನಾಗರಪಂಚಮಿ ಆದ ಎರಡನೇ ದಿನಕ್ಕ ಹೊರಗ ಕುಂತಿದ್ದೆ ನೋಡ್ರಿ. ಸೋಮವಾರ ಇತ್ತು. ಚಾಳಿನಾಗ ಕಟ್ಟಿದ್ದ ಜೋಕಾಲಿ ಇನ್ನಾ ಬಿಚ್ಚಿರಲಿಲ್ಲ. ಎಲ್ಲಾರೂ ಜೀಕತಿದ್ರು, ನಾ ಒಬ್ಬಾಕಿ ಮುಟ್ಟಲಿಲ್ಲ. ಅದ ಕಡೀದು.”

ಗೋಡೆಯ ಕ್ಯಾಲೆಂಡರ್ ತಿರುವಿ ಎಣಿಸಿದೆ. ಹದಿನಾರು ವಾರ, ಲೆಕ್ಕ ತಪ್ಪದ ಹಾಗೆ.

ಮಲಗಿಸಿ ಎಣ್ಣೆ ಹಚ್ಚಿ ಎಳೆದೆ. ಪರದೆಯಲ್ಲಿ ಬರೀ ಬಿಳಿ ಗೀಚು. ಮೂತ್ರಚೀಲದ ಸುಳಿವೇ ಇಲ್ಲ. ನನಗೆ ಸಿಟ್ಟು ಬರುವುದಕ್ಕೆ ಹೊತ್ತು ಬೇಕಾಗಿಲ್ಲ. ನನ್ನ ಬಾಯಿ ಸರಿಯಿಲ್ಲ ಎಂದು ಹೆತ್ತಮ್ಮನೇ ಹೇಳುತ್ತಿದ್ದಳು. “ಹೋಗಿ ಬಂದೆಯಾ?” ಅಂದೆ. ಅವಳು ಮುಖ ಕೆಳಗೆ ಹಾಕಿದಳು. “ನೀರು ಕುಡಿದು ಬಾ, ಪಾಯಿಖಾನೆಗೆ ಹೋಗಬೇಡ ಅಂತ ಎಷ್ಟು ಸಲ ಹೇಳಿಸೋದು? ಹೊರಗೆ ಒಂಬತ್ತು ಜನ ಕೂತಿದ್ದಾರೆ. ನಮಗೇನು ಬೇರೆ ಕೆಲಸ ಇಲ್ಲವಾ?” ಅವಳು ಸುಮ್ಮನಿದ್ದದ್ದನ್ನೇ ನಾನು ಒಪ್ಪಿಗೆ ಅಂದುಕೊಂಡೆ. ಸ್ಟ್ಯಾಂಪು ತೆಗೆದು ರಿಜಿಸ್ಟರಿನಲ್ಲಿ ಒತ್ತಿದೆ, ಚೀಟಿಯ ಮೇಲೆ ಒತ್ತಿದೆ.

ಸೀರೆ ಸರಿಮಾಡಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು: “ತಲಿ ಐತಿಲ್ರೀ ಅಕ್ಕಾರ?”

“ಇದೆ, ಇದೆ. ಕೆಳಗೆ ಕೂತಿದೆ ಅಷ್ಟೆ. ಎರಡು ವಾರ ಬಿಟ್ಟು ಬಾ, ಹೋಗು.”

ಅವಳು ಎರಡೂ ಕೈ ಜೋಡಿಸಿದಳು. ಹೊರಗೆ ಗಂಡನಿಗೆ “ಐತಂತ್ರಿ!” ಎಂದು ಹೇಳಿದ್ದು ನನಗೆ ಒಳಗೆ ಕೇಳಿಸಿತು. ಆಮೇಲೆ ಮುಂದಿನವಳನ್ನು ಕರೆದೆ.

ಎರಡು ವಾರದ ಮೇಲೆ ಮತ್ತೆ ಸೋಮವಾರವೇ ಬಂದಳು. ಬಸುರಿಯರಿಗೆ ನಮ್ಮಲ್ಲಿ ಸೋಮವಾರ ಮಾತ್ರ. ಉಳಿದ ದಿನ ಲಿವರಿನಲ್ಲಿ ಕೀವಾದವರ ಸರದಿ. ಮತ್ತೆ ಹೊಟ್ಟೆ ಒಣ ಒಣ. ಮತ್ತೆ ಬಿಳಿ ಗೀಚು. ಅವಳು ಮಂಚದಿಂದ ಇಳಿಯುವ ಮೊದಲೇ ನಾನು ಸ್ಟ್ಯಾಂಪು ಒತ್ತಿ ಮುಗಿಸಿದ್ದೆ. ಆದರೂ ಡಾಕ್ಟರಮ್ಮನ ಎರಡು ಗೆರೆ ಕಣ್ಣಿಗೆ ಬಿತ್ತು. ಒಂದು ಹೂಜಿ ನೀರು, ಒಂದು ಗ್ಲಾಸು ಕೊಟ್ಟು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದೆ. “ಪೂರಾ ಕುಡಿ. ಒಂದು ತಾಸು ಇಲ್ಲೇ ಕೂತಿರು. ಏಳಕೂಡದು.”

ಮುಕ್ಕಾಲು ತಾಸಿನ ಮೇಲೆ ಹೊರಗೆ ಇಣುಕಿದರೆ, ಅವಳು ಅತ್ತಿತ್ತ ನೋಡಿ ಗ್ಲಾಸಿನ ನೀರನ್ನು ಕ್ರೋಟನ್ ಕುಂಡಕ್ಕೆ ಸುರಿಯುತ್ತಿದ್ದಳು. ಕುಂಡ ತುಂಬಿ ಕೆಸರು ನೆಲಕ್ಕೆ ಹರಿದಿತ್ತು. ಒಂದು ಗ್ಲಾಸಲ್ಲ, ಹೂಜಿಯಷ್ಟನ್ನೂ ಸುರಿದಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಏನೇ ಇದು? ನನಗೇ ಟೋಪಿ ಹಾಕ್ತೀಯಾ?”

ಗ್ಲಾಸು ಎದೆಗೆ ಹಿಡಿದುಕೊಂಡು ನಿಂತಳು. “ಇವತ್ತ ಸೋಮವಾರ ಅಲ್ರೀ ಅಕ್ಕಾರ. ನಿಟ್ಟುಪವಾಸ ಐತ್ರಿ. ಹನಿ ನೀರೂ ಬಾಯಿಗೆ ಹಾಕಂಗಿಲ್ಲ.”

“ಹೋದ ಸಲ?”

“ಅವತ್ತೂ ಸೋಮವಾರನ ಇತ್ತಲ್ರೀ.”

“ಹಾಗಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?”

“ನೀವು ಕೇಳಲೇ ಇಲ್ರಿ. ಹೋಗಿ ಬಂದಿ ಏನು ಅಂತ ಬೈದ್ರಿ. ಬೈಸ್ಕೋಂತ ದೇವರ ಮಾತು ಹ್ಯಾಂಗ ಹೇಳೂದ್ರಿ?”

ಬೆಂಚಿನ ಮೇಲೆ ಕೂತುಕೊಂಡೆ. ಅವಳನ್ನೂ ಕೂರಿಸಿದೆ. ಆಗ ಒಂದೊಂದಾಗಿ ಹೇಳಿದಳು. ಬಸುರಿ ಎಂದು ಗೊತ್ತಾದ ಮೇಲಿನ ಮೊದಲ ಸೋಮವಾರ ವ್ರತ ಹಿಡಿದಿದ್ದಳು. ಸತತ ಹದಿನಾರು ಸೋಮವಾರ. ನಡುವೆ ಒಂದು ತಪ್ಪಿದರೂ ಹಿಂದಿನದೆಲ್ಲ ನೀರುಪಾಲು, ಮತ್ತೆ ಒಂದರಿಂದ ಶುರು. ಹಗಲು ನೀರಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ನೀರು ಕುಡಿದು, ಗೋದಿ ಬೆಲ್ಲದ ಮಾದಲಿಯಷ್ಟೇ ತಿನ್ನಬೇಕು. ಉಪ್ಪು ಮಾತ್ರ ಮಂಗಳವಾರ ಬೆಳಗಾಗುವ ತನಕ ಒಳಗೆ ಹೋಗಕೂಡದು. ಅಂದಿನದು ಹದಿನಾಲ್ಕನೆಯದು.

“ಏನಂತ ಬೇಡಿಕೊಂಡಿದ್ದೀಯ?”

“ಕೂಸಿಗೆ ತಲಿ ಕೊಡು ಅಂತ್ರಿ. ಮತ್ತೇನ್ ಬೇಡ್ಲಿ?” ಅಂದಳು. “ಹೋದ ಸಲದ್ದು ನನಗ ತೋರಸಲೂ ಇಲ್ಲ. ಬಟ್ಟಿ ಮುಚ್ಚಿ ಒಯ್ದರು. ಒಬ್ಬಾಕಿ ಹೇಳಿದ್ಲು, ಕಪ್ಪಿ ಹಂಗ ಕಣ್ಣು ಮ್ಯಾಲ ಇದ್ದವು, ಅದರ ಮ್ಯಾಲ ಏನೂ ಇರಲಿಲ್ಲ ಅಂತ.”

ಅವಳು ನೀರು ಕುಡಿಯದೆ ಬಂದದ್ದರಿಂದ ನನಗೆ ಅವತ್ತು ಒಳಗಿನದು ಏನೆಂದರೆ ಏನೂ ಕಂಡಿರಲಿಲ್ಲ. ಕಾಣದಿದ್ದರೂ ಇದೆ ಅಂದಿದ್ದೆ. ಅವಳು ಅದನ್ನು ನಂಬಿ ಎರಡು ವಾರ ಕುರ್ಲಾದಲ್ಲಿ ನೆಮ್ಮದಿಯಾಗಿ ಉಂಡು ಮಲಗಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ನಮ್ಮಮ್ಮ ಅನ್ನುತ್ತಿದ್ದ ಮಾತು ಸುಮ್ಮನಲ್ಲ.

“ನಾಳೆ ಬಾ,” ಅಂದೆ. “ಮಂಗಳವಾರ. ಬೇರೆಯವರ ಸರದಿಯಲ್ಲಿ ನಿನ್ನನ್ನು ತೂರಿಸುತ್ತೇನೆ. ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬಾ.”

ಮಂಗಳವಾರ ಅವಳು ನಾನು ಹೇಳಿದಂತೆಯೇ ಬಂದಳು, ಲೋಕಲ್ಲಿನ ನೂಕುನುಗ್ಗಲಿನಲ್ಲಿ ಹೊಟ್ಟೆ ಹಿಡಿದುಕೊಂಡು. ಅವತ್ತು ಮಷೀನೇ ಕೈಕೊಟ್ಟಿತು. ಎಳೆದ ಗೆರೆಗಳೆಲ್ಲ ಜೋಡಿ ಜೋಡಿಯಾಗಿ ಮೂಡುತ್ತಿದ್ದವು. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ನೀರಿನ ಬಾಟಲಿಯ ಮೇಲೆ ಎಳೆದು ನೋಡಿದರೆ ಒಂದು ಬಾಟಲಿ ಎರಡಾಗಿ ಕಂಡಿತು. ತೋಳಿನ ನಡುಗೀಲು ಸವೆದಿತ್ತು. ಕಂಪನಿಯ ಮೆಕ್ಯಾನಿಕ್ ಶುಕ್ರವಾರ ಬಂದ, ಬಿಚ್ಚಿಟ್ಟು ಭಾಗ ತರಲು ಹೋದ. ನಡುವೆ ಕ್ರಿಸ್‌ಮಸ್ ರಜೆ. ಮಷೀನು ಸರಿಯಾದದ್ದು ಮರುವಾರದ ಮಂಗಳವಾರ ಬೆಳಿಗ್ಗೆ. ಬಾಟಲಿ ಒಂದೇ ಕಂಡಿತು. ಹುಡುಗಿಯನ್ನು ಕರೆಸಿದೆ.

ಅವತ್ತು ಹತ್ತೊಂಬತ್ತು ವಾರ ಕಳೆದು ಒಂದು ದಿನ. ಎಣ್ಣೆ ಚಳಿಗೆ ತುಸು ಗಟ್ಟಿಯಾಗಿತ್ತು, ಅಂಗೈಯಲ್ಲಿ ಉಜ್ಜಿ ಬಿಸಿಮಾಡಿ ಹಚ್ಚಿದೆ. ಮೊದಲ ಎಳೆತಕ್ಕೇ ಮೂತ್ರಚೀಲ ದೊಡ್ಡ ಕಪ್ಪು ಕಿಟಕಿಯಾಗಿ ತೆರೆದುಕೊಂಡಿತು. ಅಷ್ಟು ಚೆನ್ನಾದ ಕಿಟಕಿ ನನಗೆ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ. ಅದರ ಹಿಂದೆ ಕೂಸಿನ ಮೈ ಕಂಡಿತು. ಬೆನ್ನುಮೂಳೆ ಎರಡು ಸಾಲು ಚುಕ್ಕೆಯಾಗಿ ಮೂಡಿತು. ಆ ಸಾಲು ಹಿಡಿದು ಮೇಲಕ್ಕೆ ಹೋದೆ. ಕುತ್ತಿಗೆಯ ಹತ್ತಿರ ಒಂದು ಸಣ್ಣ ಗಂಟು. ಅಲ್ಲಿಗೆ ಮುಗಿಯಿತು. ಅದರಾಚೆ ನೀರು.

ಅಳಿಸಿದೆ. ಪ್ರೋಬು ಓರೆ ಮಾಡಿ ಮತ್ತೆ ಎಳೆದೆ. ಅಡ್ಡ ಎಳೆದೆ. ಹುಡುಗಿಯನ್ನು ಮಗ್ಗುಲಿಗೆ ತಿರುಗಿಸಿ ಎಳೆದೆ. ಏಳು ಸಲ ಎಳೆದೆ, ಏಳು ಸಲವೂ ಉಂಗುರ ಮೂಡಲಿಲ್ಲ. ಇನ್ನು ಕೆಳಗಿದೆ ಎನ್ನಲು ಕೆಳಗೆ ಜಾಗವೇ ಉಳಿದಿರಲಿಲ್ಲ; ಸೊಂಟದ ತನಕ ಎಲ್ಲವೂ ಕಾಣುತ್ತಿತ್ತು. ಅಯ್ಯೋ ದೇವರೇ ಎಂದು ಒಳಗೊಳಗೇ ಅಂದುಕೊಂಡೆ.

ಅವಳಿಗೆ ಪರದೆ ಅರ್ಥವಾಗುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. “ಇವತ್ತೂ ಕೆಳಗ ಕುಂತೈತೇನ್ರಿ?”

“ಡಾಕ್ಟರಮ್ಮ ನೋಡಿ ಹೇಳ್ತಾರೆ, ತಡಿ.”

ಡಾಕ್ಟರಮ್ಮ ಬಂದರು. ನಾಸಿಕದ ಕಡೆಯ ಮರಾಠಿ ಹೆಂಗಸು, ಮಾತು ಕಡಿಮೆ. ತಾವೇ ಎರಡು ಸಲ ಎಳೆದು ನೋಡಿ ಪ್ರೋಬನ್ನು ಕೊಕ್ಕೆಗೆ ಸಿಕ್ಕಿಸಿದರು. ಎರಡು ಫೋಟೊ ತೆಗೆಸಿದರು. ಹೊರಗೆ ಕರೆದು ಹೇಳಿದರು: “ಇಪ್ಪತ್ತು ವಾರ ತುಂಬುವುದು ಬರುವ ಸೋಮವಾರ. ಅದರೊಳಗಾದರೆ ಇಬ್ಬರು ಡಾಕ್ಟರು ಸಹಿ ಮಾಡಿದರೆ ತೆಗೆಯಬಹುದು. ಸೋಮವಾರ ದಾಟಿದರೆ ಕಾನೂನು ಬಾಗಿಲು ಹಾಕುತ್ತದೆ. ಬದುಕದ ಕೂಸನ್ನು ಇವಳು ಇನ್ನೂ ಐದು ತಿಂಗಳು ಹೊರಬೇಕು, ಹೋದ ಸಲದ ಹಾಗೆಯೇ ಹೆರಬೇಕು.” ಒಂದು ಸಹಿ ಅವರದು. ಇನ್ನೊಂದು ನಮ್ಮ ದೊಡ್ಡ ಡಾಕ್ಟರದ್ದು.

ದೊಡ್ಡ ಡಾಕ್ಟರು ಕೆಟ್ಟವರಲ್ಲ. ಆದರೆ ಕಾಗದದ ಮನುಷ್ಯ. ಬುಧವಾರ ಅವರ ಮೇಜಿನ ಮುಂದೆ ನಾವಿಬ್ಬರೂ ನಿಂತೆವು. ಅವರು ಫೋಟೊ ನೋಡಿದರು, ಆಮೇಲೆ ನನ್ನ ರಿಜಿಸ್ಟರು ತರಿಸಿದರು. ಬೆರಳಿಟ್ಟು ಓದಿದರು.

“ಹದಿನಾರು ವಾರಕ್ಕೆ ತಲೆ ಕೆಳಗಿದೆ. ಹದಿನೆಂಟು ವಾರಕ್ಕೆ ತಲೆ ಕೆಳಗಿದೆ. ಹತ್ತೊಂಬತ್ತಕ್ಕೆ ತಲೆಯೇ ಇಲ್ಲ. ಎಲ್ಲಿಗೆ ಹೋಯಿತು? ಚರ್ಚ್‌ಗೇಟ್ ಲೋಕಲ್ ಹಿಡಿಯಿತೇ?”

ಡಾಕ್ಟರಮ್ಮ ಫೋಟೊಗಳನ್ನು ಮತ್ತೆ ಅವರತ್ತ ಸರಿಸಿದರು.

“ಎರಡು ಸಲ ಇದೆ ಅಂದ ಕೂಸನ್ನು ಮೂರನೇ ಸಲದ ಮಾತು ಕೇಳಿ ತೆಗೆಯಲು ನಾನು ಸಹಿ ಮಾಡಬೇಕು. ನಾಳೆ ಯಾರಾದರೂ ಈ ರಿಜಿಸ್ಟರು ತೆಗೆದರೆ ನಾನೇನು ಹೇಳಲಿ? ಮಷೀನು ಕೆಟ್ಟಿತ್ತಂತಲ್ಲ?”

ತಪ್ಪಿಸಿಕೊಳ್ಳಲು ದಾರಿ ಅವರೇ ತೋರಿಸಿದ್ದರು. ಹೌದು ಸಾರ್, ಮಷೀನು ಕೆಟ್ಟಿತ್ತು ಅಂದಿದ್ದರೆ ನನ್ನ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಮಷೀನಿನ ಮೇಲೆ ಹಾಕಿದರೆ ಮೂರನೇ ಚಿತ್ರವೂ ಅದೇ ಮಷೀನಿನದು. ಇವರು ಅದನ್ನೂ ನಂಬುವುದಿಲ್ಲ. ಇನ್ನೆರಡು ವಾರ ಬಿಟ್ಟು ನೋಡೋಣ ಅನ್ನುತ್ತಾರೆ. ಆ ಮಾತಿನ ಬೆಲೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ನನ್ನ ಸ್ಟ್ಯಾಂಪಿನ ಮೂರನೇ ಸಾಲು.

“ಮಷೀನು ಕೆಟ್ಟಿದ್ದು ಆಮೇಲೆ ಸಾರ್,” ಅಂದೆ. “ಆ ಎರಡು ಸೋಮವಾರ ನಾನು ತಲೆ ನೋಡಿರಲಿಲ್ಲ. ಏನೂ ನೋಡಿರಲಿಲ್ಲ. ಮೂತ್ರಚೀಲ ಖಾಲಿಯಿತ್ತು. ನೋಡದೆ ಸ್ಟ್ಯಾಂಪು ಒತ್ತಿದೆ.”

“ನೋಡದೆ?”

“ನೋಡದೆ, ಸಾರ್.”

ಅವರು ಕನ್ನಡಕ ತೆಗೆದರು. ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು. ಪ್ರತಿ ಹಾಳೆಯಲ್ಲೂ ನೇರಳೆ ಶಾಯಿಯ ಅದೇ ಮೂರು ಸಾಲು. “ಇವುಗಳಲ್ಲಿ ಎಷ್ಟು?” ಎಂದು ಕೇಳಿದರು. ಎಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಮುಂದೆ ಅಳಬಾರದೆಂದು ತುಟಿ ಕಚ್ಚಿಕೊಂಡು ನಿಂತಿದ್ದೆ.

“ಬರೆದುಕೊಡಿ,” ಅಂದರು. ಅಲ್ಲೇ ನಿಂತು ಬರೆದೆ. ಓದಿ ಫೈಲಿಗೆ ಹಾಕಿದರು. “ಎಕ್ಸ್‌ರೇ ತೆಗೆಯಿರಿ. ಎಲುಬು ನನ್ನ ಕಣ್ಣಿಗೆ ಕಾಣಲಿ. ಮತ್ತೆ, ಇಪ್ಪತ್ತು ವಾರ ಸೋಮವಾರಕ್ಕೇ ಎನ್ನುವುದಕ್ಕೆ ಆಧಾರ ಏನು? ಅಳೆಯಲು ತಲೆಯಂತೂ ಇಲ್ಲ.”

“ಪಂಚಮಿಯ ಜೋಕಾಲಿ ಸಾರ್,” ಅಂದು ಅವಳು ಹೇಳಿದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ತಾವೇ ಇಳಿಸಿ, ಆಗಸ್ಟಿಗೆ ಹೋಗಿ ಪಂಚಮಿ ಹುಡುಕಿ, ಪೆನ್ಸಿಲಿನಲ್ಲಿ ವಾರ ಎಣಿಸಿದರು. ಎರಡು ಸಲ ಎಣಿಸಿದರು.

ಗುರುವಾರ ಎಕ್ಸ್‌ರೇ ತೆಗೆದೆ. ಅದು ನನ್ನ ಹಳೆಯ ವಿದ್ಯೆ. ಕೂಸು ಫಿಲ್ಮಿಗೆ ಹತ್ತಿರವಾಗಲೆಂದು ಹುಡುಗಿಯನ್ನು ಬೋರಲು ಮಲಗಿಸಿ, ಎದೆಗೂ ತೊಡೆಗೂ ದಿಂಬು ಕೊಟ್ಟೆ. “ಉಸಿರು ಹಿಡಿ, ಬಿಡಬೇಡ, ಬಿಡಬೇಡ, ಹಾಂ ಬಿಡು.” ಮೊದಲ ಫಿಲ್ಮು ಮಸುಕಾಯಿತು. ಎರಡನೆಯದನ್ನು ನಾನೇ ಕತ್ತಲೆ ಕೋಣೆಗೆ ಒಯ್ದು ತೊಳೆದೆ. ಆ ವಯಸ್ಸಿನ ಎಲುಬು ತೀರಾ ತೆಳು, ದೀಪಕ್ಕೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಬೇಕು. ಪಕ್ಕೆಲುಬು ಕಂಡವು. ತೊಡೆಯೆಲುಬು ಕಂಡವು. ಬೆನ್ನುಮೂಳೆ ಸಣ್ಣ ಮಣಿಸರದ ಹಾಗೆ ಮೇಲಕ್ಕೆ ಹೋಗಿ ನಿಂತಿತ್ತು. ಒದ್ದೆ ಫಿಲ್ಮನ್ನೇ ಹಿಡಿದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಹುಡುಗಿಗೆ ಹೇಳಬೇಕಾದದ್ದು ಶುಕ್ರವಾರ. ಡಾಕ್ಟರಮ್ಮನಿಗೆ ಕನ್ನಡ ಬಾರದು, ಅವಳಿಗೆ ಮರಾಠಿ ಪೂರಾ ಬಾರದು. “ನೀವೇ ಹೇಳಿ,” ಅಂದರು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ.

ಅವಳು ಕೇಳಿದ ಮೊದಲ ಮಾತು: “ನೀವ ಐತಿ ಅಂದಿದ್ರಲ್ರೀ ಅಕ್ಕಾರ?”

“ನೋಡದೆ ಅಂದಿದ್ದೆ ಕಣಮ್ಮ. ನನ್ನ ತಪ್ಪು.”

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕೆನ್ನೆಗೆ ಎರಡು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೇಳಿದಳು: “ಹೋದ ಸಲದ್ದರ ಹಂಗನ?”

“ಹಾಗೇ.”

ಗಂಡ ಗೋಡೆಗೆ ಮುಖ ಮಾಡಿದ. ಒಂಬತ್ತು ತಿಂಗಳು ಹೊರುವುದೋ, ಈಗಲೇ ತೆಗೆಸುವುದೋ, ಯಾರೂ ಬಲವಂತ ಮಾಡುವುದಿಲ್ಲ, ನೀವೇ ಹೇಳಬೇಕು ಎಂದೆ. ಅವನು “ಆಕಿ ಹೇಳಿದಂಗ್ರಿ,” ಅಂದ. ಅವಳು ಬಹಳ ಹೊತ್ತು ಯೋಚಿಸಲಿಲ್ಲ.

“ತೆಗೀರಿ. ಹೊತ್ತು, ಹಡದು, ಮತ್ತ ಬಟ್ಟಿ ಮುಚ್ಚಿ ಒಯ್ಯೂದು ನೋಡೂದು ನನ್ನ ಕೈಲೆ ಆಗಂಗಿಲ್ರಿ.” ಅಷ್ಟು ಹೇಳಿದ ಮೇಲೆ ಅತ್ತಳು. ನಾನೂ ಅತ್ತೆ. ಡಾಕ್ಟರಮ್ಮ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು.

ಶನಿವಾರ ದೊಡ್ಡ ಡಾಕ್ಟರು ಸಹಿ ಮಾಡಿದರು. ಅದೇ ದಿನ ನನಗೆ ಮೆಮೊ ಕೊಟ್ಟರು, ಜನವರಿಯ ಕೊನೆಗೆ ನನ್ನನ್ನು ಮತ್ತೆ ಎಕ್ಸ್‌ರೇಗೆ ಕಳಿಸುವುದಾಗಿ. ಹೆರಿಗೆ ವಾರ್ಡಿನಲ್ಲಿ ಮಂಚ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ, ಕಾನೂನಿನ ಕೊನೆಯ ದಿನ.

ಸೋಮವಾರ ಹತ್ತು ಗಂಟೆಗೆ ಡಾಕ್ಟರಮ್ಮ ನನ್ನನ್ನು ವಾರ್ಡಿಗೆ ಕರೆಸಿದರು. ಹುಡುಗಿ ಮಂಚದ ಮೇಲೆ ಕೂತಿದ್ದಳು, ಹಣೆಯಲ್ಲಿ ಹೊಸದಾಗಿ ಹಚ್ಚಿದ ವಿಭೂತಿ, ತುಟಿ ಒಣಗಿತ್ತು. ಆ ಕಾಲದಲ್ಲಿ ಅಷ್ಟು ದಿನ ತುಂಬಿದ ಗರ್ಭ ತೆಗೆಯಲು ಹೊಟ್ಟೆಯ ಮೂಲಕ ಸೂಜಿ ಹಾಕಿ, ಕೂಸಿನ ಸುತ್ತಲಿನ ನೀರನ್ನು ಸ್ವಲ್ಪ ಹೀರಿ, ಆ ಜಾಗಕ್ಕೆ ಗಟ್ಟಿ ಉಪ್ಪುನೀರು ಬಿಡುತ್ತಿದ್ದರು. ಆಮೇಲೆ ನೋವು ತಾನಾಗಿ ಬರುತ್ತಿತ್ತು. ಉಪ್ಪು ರಕ್ತಕ್ಕೆ ಹೋದರೆ ಅಪಾಯ, ಹಾಗಾಗಿ ಹೆಂಗಸು ಮೊದಲು ಚೆನ್ನಾಗಿ ನೀರು ಕುಡಿದಿರಬೇಕು. ಇವಳು ಗ್ಲಾಸು ಮುಟ್ಟುತ್ತಿರಲಿಲ್ಲ.

“ಹದಿನಾರನೇದ್ದ್ರಿ ಅಕ್ಕಾರ,” ಅಂದಳು. “ಸಂಜಿ ದೀಪಾ ಹಚ್ಚೂಮಟ ತಡೀರಿ.”

“ಇನ್ನು ಯಾವ ಕೂಸಿಗೆ ಕಣೆ ಈ ವ್ರತ?” ಅಂದುಬಿಟ್ಟೆ. ಬಾಯಿಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ನನ್ನನ್ನೇ ನೋಡಿದಳು. “ಹದಿನೈದು ಆಗ್ಯಾವ್ರಿ. ಅಂವ ಮಾತು ತಪ್ಪಿದಾ ಅಂತ ನಾನೂ ತಪ್ಪಲೇನ್ರಿ?”

ಅದನ್ನು ಮರಾಠಿಯಲ್ಲಿ ಡಾಕ್ಟರಮ್ಮನಿಗೆ ಹೇಳಿದೆ. ಅವರ ಹೊತ್ತು ಎರಡು ಗಂಟೆಗೆ ಮುಗಿಯುತ್ತಿತ್ತು, ಮನೆ ಠಾಣೆಯಲ್ಲಿ. ಸಂಜೆಯ ತನಕ ನಿಲ್ಲಿ ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ, ಆದರೂ ಕೇಳಿದೆ. ಸಂಜೆಯೂ ಸೋಮವಾರವೇ ಅಲ್ಲವೇ ಡಾಕ್ಟರ್, ಅಂದೆ. ಅವರು ಗಡಿಯಾರ ನೋಡಿದರು, ಹುಡುಗಿಯ ತುಟಿ ನೋಡಿದರು. “ಒಣಗಿದ ಮೈಗೆ ನಾನು ಮುಟ್ಟುವುದಿಲ್ಲ. ಈಗಲೇ ಗ್ಲೂಕೋಸ್ ಡ್ರಿಪ್ಪು ಹಚ್ಚಿ. ಆರೂವರೆಗೆ ಬರುತ್ತೇನೆ,” ಅಂದರು.

ಡ್ರಿಪ್ಪಿಗೂ ಹುಡುಗಿ ಕೈ ಕೊಡಲಿಲ್ಲ. “ಇದರಾಗ ನಿಟ್ಟುಪವಾಸ ಮುರೀತೈತೇನ್ರಿ?”

“ಬಾಯಿಗೆ ಹೋಗಲ್ಲವಲ್ಲ ತಾಯಿ, ಕೈಗೆ ಹೋಗತ್ತೆ.”

ಯೋಚಿಸಿದಳು. “ಉಪ್ಪು ಇಲ್ಲಲ್ರೀ ಇದರಾಗ?”

“ಇಲ್ಲ. ಬರೀ ಸಕ್ಕರೆ ನೀರು.” ಅದು ನಿಜವೇ ಆಗಿತ್ತು. ಬಾಟಲಿಯ ಮೇಲೆ ಬರೆದದ್ದನ್ನು ಓದಿ ಹೇಳಿದೆ. ಕೈ ಚಾಚಿದಳು.

ಸಂಜೆ ವಾರ್ಡಿನಲ್ಲಿ ದೀಪ ಹಚ್ಚಲು ಸಿಸ್ಟರು ಬಿಡಲಿಲ್ಲ, ಆಕ್ಸಿಜನ್ ಸಿಲಿಂಡರ್ ಇದೆ ಎಂದು. ಡ್ರಿಪ್ಪಿನ ಬಾಟಲಿ ಕೈಯಲ್ಲಿ ಎತ್ತಿ ಹಿಡಿದು ಅವಳನ್ನು ನನ್ನ ಮಷೀನಿನ ಕೋಣೆಗೆ ನಡೆಸಿಕೊಂಡು ಬಂದೆ. ಗಂಡ ಮನೆಯಿಂದ ಮಾದಲಿಯ ಡಬ್ಬಿ ತಂದಿದ್ದ. ಹಣತೆ ತರುವುದು ಮರೆತಿದ್ದ. ಔಷಧಿ ಅಳೆಯುವ ಒಂದು ಗಾಜಿನ ಬಟ್ಟಲಿಗೆ ಹೊಟ್ಟೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಹಾಕಿ, ಹತ್ತಿ ಹೊಸೆದು ಬತ್ತಿ ಮಾಡಿದೆ. ಅವಳು ಕಿಟಕಿಯ ಕಟ್ಟೆಯ ಮೇಲಿಟ್ಟು ಹಚ್ಚಿದಳು. ಕೈ ಮುಗಿದು ಕಣ್ಣು ಮುಚ್ಚಿ ನಿಂತಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ಆಮೇಲೆ ಹೂಜಿ ಎತ್ತಿ ನೀರು ಬಗ್ಗಿಸಿ ಕೊಟ್ಟೆ. ಒಂದಾದ ಮೇಲೊಂದು ಐದು ಗ್ಲಾಸು ಗಟಗಟ ಕುಡಿದಳು. ಮಾದಲಿಯನ್ನು ಒಂದು ಚಿಟಿಕೆ ತಾನು ತಿಂದು, ನನ್ನ ಕೈಗೂ ಒಂದು ಹಿಡಿ ಹಾಕಿದಳು. “ತಿನ್ರಿ ಅಕ್ಕಾರ. ನೀವೂ ಮಧ್ಯಾಹ್ನ ಉಂಡಿಲ್ಲ,” ಅಂದಳು. ಒಂದು ಕಾಳೂ ಬಿಡದೆ ತಿಂದೆ.

ಆರೂವರೆಗೆ ಡಾಕ್ಟರಮ್ಮ ಬಂದರು. ಸಣ್ಣ ಥಿಯೇಟರಿನಲ್ಲಿ ಹುಡುಗಿಯನ್ನು ಮಲಗಿಸಿದರು, ಹೊಟ್ಟೆಗೆ ಅಯೋಡಿನ್ ಬಳಿದರು. ಮಾತು ತಿಳಿಸಲು ನಾನು ತಲೆಯ ಬಳಿ ನಿಂತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಸಿಸ್ಟರು ಟ್ರೇ ತಂದಿಟ್ಟಳು. ದೊಡ್ಡ ಸಿರಿಂಜಿನಲ್ಲಿ ನೀರಿನಷ್ಟೇ ತಿಳಿಯಾದದ್ದು ತುಂಬಿತ್ತು. ಹುಡುಗಿ ಕತ್ತು ಹೊರಳಿಸಿ ಅದನ್ನು ನೋಡಿದಳು.

“ಇದರಾಗೂ ಉಪ್ಪು ಇಲ್ಲಲ್ರೀ ಅಕ್ಕಾರ?”

ಡಾಕ್ಟರಮ್ಮ ಸೂಜಿ ಹಿಡಿದ ಕೈ ನಿಲ್ಲಿಸಿ, “ಏನನ್ನುತ್ತಾಳೆ?” ಎಂದು ನನ್ನನ್ನು ಕೇಳಿದರು.

“ಏನಿಲ್ಲ,” ಅಂದೆ. ಆಮೇಲೆ ಅವಳ ಕಡೆ ಬಗ್ಗಿ, “ಇಲ್ಲ ಕಣಮ್ಮ. ಇದರಲ್ಲೂ ಇಲ್ಲ,” ಅಂದೆ.

“ಹಂಗಾರ ಹಾಕ್ರಿ,” ಅಂದು ಅವಳು ಕಣ್ಣು ಮುಚ್ಚಿದಳು.